ಮಂಡಿ ಮಡಿಚುವ ಶಕ್ತಿ: ಶಸ್ತ್ರಚಿಕಿತ್ಸೆಗೆ ಮುನ್ನ, ಅನಂತರ

ಆಂಡರ್ಸನ್‌ಪೇಟೆಯ ನೆರೆಯ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದಿತ್ತು. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಅಲ್ಲಿ ದುಡಿದವರು ಇಂದು ವೃದ್ಧರು. ಬಹುಕಾಲ ಮಂಡಿಯೂರಿ, ಕುಕ್ಕರಗಾಲಿನಲ್ಲಿ ಕುಳಿತು, ಭಾರ ಹೊತ್ತು ದುಡಿಯುವುದು ಕೀಲುಸವೆತಕ್ಕಿರುವ ಕಾರಣಗಳಲ್ಲೊಂದು.

ಮಂಡಿಯ ಕೀಲು ಬದಲಿಸಿದರೆ ಮತ್ತೆ ನೆಲದ ಮೇಲೆ ಪೂಜೆಗೆ ಕೂರಬಹುದೇ ಎಂದು ಹಿರಿಯರು ಕೇಳುವುದುಂಟು. ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಿಚಿದರೆ ಸಾಕು. ಮೆಟ್ಟಿಲೇರಿಳಿಯಲು 90, ಕುರ್ಚಿಯಿಂದೇಳಲು 100ರ ಆಸುಪಾಸು ಬೇಕು. ನೆಲದಲ್ಲಿ ಕುಳಿತೇಳಲು 120ಕ್ಕೂ ಹೆಚ್ಚು ಬೇಕಾಗುವುದು. ಬದಲಿಸಿದ ಕೀಲು ಸಾಮಾನ್ಯವಾಗಿ 110ರಿಂದ 120ರವರೆಗೆ ಮಡಿಚುವುದು. ಆದಕಾರಣ ನೆಲದ ಆಸನದ ಭರವಸೆಯನ್ನು ಎಲ್ಲರಿಗೂ ಕೊಡಲಾಗದು. ನೋವಿನ ಶಮನವೇ ಈ ಚಿಕಿತ್ಸೆಯ ಮುಖ್ಯ ಫಲ.

ಇಲ್ಲೊಂದು ಮರ್ಮವಿದೆ. ಶಸ್ತ್ರಚಿಕಿತ್ಸೆಯ ಮುನ್ನ ಮಂಡಿ ಎಷ್ಟು ಮಡಿಚುತ್ತಿತ್ತೆಂಬುದೇ ಅನಂತರದ ಮಡಿಚುವಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು. ಬಿಗಿದುಹೋದ ಮಂಡಿ ತುಸು ಸಡಿಲವಾದೀತು, ಪೂರ್ಣ ಸಡಿಲವಾಗುವುದು ವಿರಳ. ಅಂಜಿಕೆಯಿಂದ ವರ್ಷಗಟ್ಟಲೆ ಮುಂದೂಡಿದವರು ಕಳೆದುಕೊಳ್ಳುವುದು ಇದನ್ನೇ. ವೈದ್ಯರ ಸಲಹೆ ಪಡೆದು, ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಮೆಲ್ಲನೆ ಹಿಂದಕ್ಕೆಳೆಯುವ, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಮೊದಲೇ ಆರಂಭಿಸುವುದು ಲೇಸು.

ಚಿಕಿತ್ಸೆಯ ಅನಂತರದ ಮೊದಲ ವಾರಗಳು ಅಮೂಲ್ಯವಾದವು. ನೋವಿಗೆ ಹೆದರಿ ಕಾಲನ್ನು ಅಲುಗಿಸದಿದ್ದರೆ ಕೀಲಿನ ಸುತ್ತ ಗಾಯದ ಅಂಗಾಂಶ ಬೆಳೆದು ಬಿಗಿಯುವುದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದು ಹಿತವೆನಿಸಿದರೂ ಕಾಲು ನೇರವಾಗುವುದಕ್ಕೆ ಅಡ್ಡಿ. ಪ್ರಧಾನಿಗಳಾಗಿದ್ದಾಗಲೇ ಅಟಲ ಬಿಹಾರಿ ವಾಜಪೇಯಿಯವರು 2000 ಮತ್ತು 2001ರಲ್ಲಿ ಎರಡೂ ಮಂಡಿಗಳಿಗೆ ಈ ಚಿಕಿತ್ಸೆ ಪಡೆದು ರಾಜ್ಯಭಾರವನ್ನು ಮುಂದುವರಿಸಿದರು.

ಮನೆಯವರು ಹಿರಿಯರಿಗೊಂದು ಎತ್ತರದ ಪೀಠವನ್ನು ಒದಗಿಸಲಿ. ಅದರ ಮೇಲೆ ಕುಳಿತು ಅಂಗೈಯ ಇಷ್ಟಲಿಂಗವನ್ನು ನಿಟ್ಟಿಸಿದರೆ ಪೂಜೆಗೆ ಕುಂದಿಲ್ಲ.