ಅಧ್ಯಯನದ ವೆಚ್ಚ ಭರಿಸಿದವರು ಯಾರು? ಪಡ್ರೆಯ ವರದಿಗಳು ಕಲಿಸುವುದು

ತೊಗರಿ, ಹತ್ತಿ ಬೆಳೆಯುವ ನಮ್ಮ ತಾಂಡೂರು, ನಾರಾಯಣಖೇಡ ಸೀಮೆಯ ಹಿರಿಯ ರೈತರಿಗೆ ಎಂಡೋಸಲ್ಫಾನ್ ಎಂಬ ಹೆಸರು ಹೊಸದಲ್ಲ. ಕಾಯಿಕೊರಕ ಹುಳುವಿಗೆ ದೇಶದಾದ್ಯಂತ ಸಿಂಪಡಿಸುತ್ತಿದ್ದ ಕೀಟನಾಶಕವದು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಆ ತಡೆಯ ಹಿಂದೆ ಇರುವುದು ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಹಳ್ಳಿಗಳ ಕಥೆ. ವೈದ್ಯಕೀಯ ಸಂಶೋಧನೆಯನ್ನು ಹೇಗೆ ಓದಬೇಕೆಂಬ ಪಾಠವೂ ಅದರಲ್ಲಿದೆ.

ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ ತನ್ನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ಕರುಗಳು ಅಂಗವೈಕಲ್ಯದಿಂದ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ 1979ರಲ್ಲೇ ಬರೆದಿದ್ದರು. ಪಡ್ರೆ ಗ್ರಾಮದ ವಾಣಿನಗರದಲ್ಲಿ ವೃತ್ತಿನಿರತರಾದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಅಸಹಜವಾಗಿ ಹೆಚ್ಚಿದ ಕಾಯಿಲೆಗಳತ್ತ ಗಮನ ಸೆಳೆದರು.

2001ರಲ್ಲಿ ಪರಸ್ಪರ ವಿರುದ್ಧವಾದ ಎರಡು ವರದಿಗಳು ಹೊರಬಂದವು. ದೆಹಲಿಯ ಸಿ.ಎಸ್.ಇ. ಸಂಸ್ಥೆ ಪಡ್ರೆಯ ನೀರಿನಲ್ಲಿ, ಜನರ ರಕ್ತದಲ್ಲಿ ವಿಷದ ಶೇಷವಿದೆ ಎಂದಿತು. ತಮಿಳುನಾಡಿನ ಫಿಪ್ಪಾಟ್ ಸಂಸ್ಥೆ ನೀರಿನಲ್ಲೂ ರಕ್ತದಲ್ಲೂ ಶೇಷವಿಲ್ಲ ಎಂದಿತು. ಓದುಗನು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಅಧ್ಯಯನವನ್ನು ಮಾಡಿಸಿದವರು ಯಾರು? ಫಿಪ್ಪಾಟ್‌ಗೆ ಕೆಲಸ ವಹಿಸಿದ್ದು, ವಿಷ ಸಿಂಪಡಿಸಿದ ಪ್ಲಾಂಟೇಷನ್ ಕಾರ್ಪೊರೇಷನ್ನೇ.

ಇದನ್ನೇ ಹಿತಾಸಕ್ತಿಗಳ ಸಂಘರ್ಷ ಎನ್ನುತ್ತಾರೆ. ಸತ್ಯವನ್ನು ಹೇಳಬೇಕಾದವನಿಗೆ ಒಂದು ನಿರ್ದಿಷ್ಟ ಉತ್ತರದಿಂದ ಲಾಭವಾಗುವಂತಿದ್ದರೆ, ಅಥವಾ ಅವನಿಗೆ ಹಣ ಕೊಟ್ಟವರಿಗೆ ಲಾಭವಾಗುವಂತಿದ್ದರೆ, ಸಂಘರ್ಷ ಉಂಟಾಗುತ್ತದೆ. ಅದು ಇದ್ದ ಮಾತ್ರಕ್ಕೆ ವರದಿ ಸುಳ್ಳೆಂದಾಗದು. ಸಿ.ಎಸ್.ಇ.ಯೂ ಪರಿಸರ ಹೋರಾಟದ ಸಂಸ್ಥೆ. ಅದಕ್ಕೂ ತನ್ನದೇ ನಿಲುವಿದೆ. ಆದರೆ ಸಂಬಂಧವನ್ನು ಮರೆಮಾಚಿದಾಗ ಓದುಗನ ಕೈಯಲ್ಲಿದ್ದ ತಕ್ಕಡಿಯನ್ನೇ ಕಸಿದುಕೊಂಡಂತಾಗುತ್ತದೆ. ಸಂಘರ್ಷವೆಂದರೆ ಖಾಸಗಿ ಕಂಪನಿಯದೇ ಆಗಬೇಕೆಂದಿಲ್ಲ ಎಂಬುದನ್ನೂ ಪಡ್ರೆ ತೋರಿಸಿತು. ಇಲ್ಲಿದ್ದದ್ದು ಸರ್ಕಾರಿ ನಿಗಮ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಪ್ರವೇಶಿಸಿದ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಕೈಗೊಂಡಿತು. ಅದರ ಫಲಿತಾಂಶ 2003ರ ಡಿಸೆಂಬರಿನಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೇರು ತೋಟದ ತಪ್ಪಲಿನ ಹಳ್ಳಿಯ 117 ಶಾಲಾ ಹುಡುಗರನ್ನು, ವಿಷದ ಸಂಪರ್ಕವಿಲ್ಲದ 90 ಹುಡುಗರೊಡನೆ ಹೋಲಿಸಲಾಗಿತ್ತು. ಎಂಡೋಸಲ್ಫಾನ್ ಹುಡುಗರ ಪ್ರೌಢತೆಯನ್ನು ತಡಮಾಡಬಹುದು, ಹಾರ್ಮೋನುಗಳನ್ನು ಏರುಪೇರು ಮಾಡಬಹುದು ಎಂಬುದು ತೀರ್ಮಾನ. ಮಾದರಿಯ ಸಂಖ್ಯೆ ಚಿಕ್ಕದೆಂಬ ಮಿತಿಯನ್ನು ಲೇಖಕರೇ ಒಪ್ಪಿಕೊಂಡಿದ್ದರು. ತನ್ನ ದೌರ್ಬಲ್ಯವನ್ನು ತಾನೇ ಬರೆದುಕೊಳ್ಳುವ ಲೇಖನದ ಮೇಲೆ ನಂಬಿಕೆ ಹೆಚ್ಚುವುದು ಸಹಜ.

ಹಣದ ಮೂಲ ಮುಚ್ಚಿಟ್ಟರೆ ಏನಾಗುತ್ತದೆ? ಜಹೀರಾಬಾದಿನ ಕಬ್ಬು ಬೆಳೆಗಾರರಿಗೆ ಹತ್ತಿರದ ಉದಾಹರಣೆಯೊಂದು ಅಮೆರಿಕದಲ್ಲಿದೆ. 1967ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಹೃದ್ರೋಗಕ್ಕೆ ಕೊಬ್ಬನ್ನು ದೂರಿ, ಸಕ್ಕರೆಯ ಪಾಲನ್ನು ಹಗುರಗೊಳಿಸಿದರು. ಅವರಿಗೆ ಸಕ್ಕರೆ ಉದ್ಯಮದ ಸಂಘಟನೆ 6,500 ಡಾಲರ್ ಕೊಟ್ಟಿತ್ತು. ಲೇಖನದಲ್ಲಿ ಇತರ ದಾನಿಗಳ ಹೆಸರಿತ್ತು, ಇದೊಂದು ಇರಲಿಲ್ಲ. ಹಳೆಯ ಪತ್ರಗಳ ಆಧಾರದಿಂದ ಅದು ಬಯಲಾದದ್ದು 2016ರಲ್ಲಿ, ಸುಮಾರು ಅರ್ಧ ಶತಮಾನದ ಬಳಿಕ! ಲೇಖಕರು ಆರ್ಥಿಕ ಸಂಬಂಧ ತಿಳಿಸಬೇಕೆಂಬ ನಿಯಮವನ್ನು ಆ ಪತ್ರಿಕೆ ತಂದದ್ದೇ 1984ರಲ್ಲಿ.

ಈಗ ಪ್ರಮುಖ ವೈದ್ಯಕೀಯ ಪತ್ರಿಕೆಗಳೆಲ್ಲ ಇಂಥ ಘೋಷಣೆಯನ್ನು ಕೇಳುತ್ತವೆ. ಸಾಮಾನ್ಯವಾಗಿ ಅದು ಲೇಖನದ ಕೊನೆಯಲ್ಲಿ, ಸಣ್ಣ ಅಕ್ಷರದ ಒಂದೆರಡು ಸಾಲುಗಳಲ್ಲಿರುತ್ತದೆ: ಹಣ ಕೊಟ್ಟವರಾರು, ಲೇಖಕರು ಯಾರಿಂದ ಸಂಬಳ, ಸಂಭಾವನೆ, ಷೇರು ಪಡೆದಿದ್ದಾರೆ. ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಮಕ್ಕಳ ಪೌಷ್ಟಿಕ ಪುಡಿಯ ಜಾಹೀರಾತು ಹೇಳಿದರೆ, ಪ್ರೌಢಶಾಲೆಯಲ್ಲಿ ಓದುವ ಮಗನೋ ಮಗಳೋ ಮೂಲ ಲೇಖನವನ್ನು ಹುಡುಕಿ ಆ ಸಾಲುಗಳನ್ನು ಮನೆಯವರಿಗೆ ಓದಿ ಹೇಳಬಹುದು.

ನಮ್ಮ ದೇಶದಲ್ಲಿ ವೈದ್ಯರ ನಡವಳಿಕೆಯ ನಿಯಮಾವಳಿಗೆ 2009ರ ಡಿಸೆಂಬರಿನಲ್ಲಿ ಒಂದು ತಿದ್ದುಪಡಿ ಬಂದಿತು. ಉದ್ಯಮದ ಹಣದಿಂದ ಸಂಶೋಧನೆ ಮಾಡುವ ವೈದ್ಯರು ಹಣದ ಮೂಲವನ್ನೂ ಮೊತ್ತವನ್ನೂ ಆರಂಭದಲ್ಲೇ ಬಹಿರಂಗಪಡಿಸಬೇಕೆಂದು ಅದು ವಿಧಿಸುತ್ತದೆ. ಆದರೆ ಈ ನಿಯಮ ಕಟ್ಟಿಹಾಕುವುದು ವೈದ್ಯರನ್ನು ಮಾತ್ರ. ಕಂಪನಿಯ ಪ್ರಯೋಗಾಲಯದ ವಿಜ್ಞಾನಿ ಅದರ ವ್ಯಾಪ್ತಿಗೆ ಬರುವುದಿಲ್ಲ.