ಒಂದಕ್ಷರ ಬಿಟ್ಟ ಅಪ್ಪ, ಮತ್ತೆ ಸೇರಿಸಿಕೊಂಡ ಮಕ್ಕಳು

ಹಿಮ ಬಿದ್ದ ಹಳ್ಳಿ. ಹಿನ್ನೆಲೆಯಲ್ಲಿ ಕುದುರೆ ಸವಾರರ ದಂಡು ಕಂಬದಂತೆ ನಿಂತಿದೆ. ಕಾಲಾಳುಗಳು ಮನೆಮನೆಗೆ ನುಗ್ಗುತ್ತಿದ್ದಾರೆ. ಹಿಮದ ಮೇಲೆ ಕೂತ ಹೆಂಗಸೊಬ್ಬಳು ಮಡಿಲು ನೋಡಿಕೊಂಡು ಅಳುತ್ತಿದ್ದಾಳೆ. ಮಡಿಲಲ್ಲಿರುವುದು ಒಂದು ಬಟ್ಟೆಗಂಟು. ಒಂದಷ್ಟು ಸೈನಿಕರು ಭರ್ಜಿ ಹಿಡಿದು ತಿವಿಯುತ್ತಿರುವುದು ಸಾಕುಪ್ರಾಣಿಗಳನ್ನು. ಇನ್ನೊಂದು ಕಡೆ ಗಂಡಹೆಂಡಿರಿಬ್ಬರು ತಮ್ಮ ಹೆಬ್ಬಾತನ್ನು ಉಳಿಸಿಕೊಡಿ ಎಂದು ಸಿಪಾಯಿಯ ಮುಂದೆ ಗೋಗರೆಯುವಂತಿದೆ.

ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿರುವ ಈ ಚಿತ್ರವನ್ನು ನೋಡುತ್ತಾ ಹೋದರೆ ಏನೋ ತಾಳೆಯಾಗುವುದಿಲ್ಲ. ಬಟ್ಟೆಗಂಟಿಗೆ, ಹೆಬ್ಬಾತಿಗೆ ಯಾರಾದರೂ ಹೀಗೆ ಎದೆ ಬಡಿದುಕೊಂಡು ಅಳುತ್ತಾರೆಯೆ?

ಉತ್ತರ ಬೇಕೆಂದರೆ ವಿಯೆನ್ನಾಕ್ಕೆ ಹೋಗಬೇಕು. ಅಲ್ಲಿನ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಇದೇ ಚಿತ್ರ ಇನ್ನೊಂದಿದೆ. ಅದೇ ಹಳ್ಳಿ, ಅದೇ ಹಿಮ, ಅದೇ ಹೆಂಗಸು. ಅವಳ ಮಡಿಲಲ್ಲಿ ಮಾತ್ರ ಸತ್ತ ಕೂಸಿದೆ. ಸೈನಿಕರ ಭರ್ಜಿಗಳು ಇಳಿಯುತ್ತಿರುವುದು ಮಕ್ಕಳ ಮೇಲೆ. ಬೇತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ ಹೆರೋದ ರಾಜನ ಕಥೆ ಇದು. ನಮಗೆ ಕಂಸ ನೆನಪಾಗದೆ ಇರುವುದಿಲ್ಲ.

ಮೊದಲನೆಯದು ಅಪ್ಪ ಬರೆದದ್ದು, ಎರಡನೆಯದು ಮಗನದು. ಅಪ್ಪನ ಹೆಸರು ಪೀಟರ್ ಬ್ರೂಗೆಲ್, ಮಗನದೂ ಪೀಟರ್ ಬ್ರೂಗೆಲ್. ಅಪ್ಪನ ಚಿತ್ರ ಚಕ್ರವರ್ತಿ ಎರಡನೇ ರುಡಾಲ್ಫನ ಕೈಸೇರಿತ್ತು. ಎಳೆಗೂಸುಗಳ ಕೊಲೆ ಅರಮನೆಯ ಗೋಡೆಗೆ ಒಪ್ಪುವುದು ಹೇಗೆ? ಕೂಸುಗಳ ಮೇಲೆ ಬಣ್ಣ ಬಳಿಸಿ ಅವನ್ನು ಗಂಟುಮೂಟೆ, ಕೋಳಿ, ಕರುಗಳನ್ನಾಗಿಸಿದರು. ಕೊಲೆ ಹೋಗಿ ಬರೀ ಲೂಟಿಯಾಯಿತು. ಮಗನ ನಕಲುಗಳು ಉಳಿಯದಿದ್ದರೆ ಅಪ್ಪ ಏನು ಬರೆದಿದ್ದನೆಂಬುದನ್ನು ನಾವು ಇಷ್ಟು ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ.

ಈ ಮನೆತನದ ಹೆಸರಿನದೇ ಒಂದು ತಮಾಷೆಯ ಕಥೆ. ಹಿರಿಯ ಪೀಟರ್ ಮೊದಮೊದಲು ತನ್ನ ಹೆಸರಿನ ನಡುವೆ ಒಂದು ‘ಎಚ್’ ಇಟ್ಟು ಸಹಿ ಹಾಕುತ್ತಿದ್ದ. 1559ರಲ್ಲಿ ಅದನ್ನು ಕೈಬಿಟ್ಟ. ಹಳೆಯ ಗಾಥಿಕ್ ಲಿಪಿಯ ಬದಲು ರೋಮನ್ ದೊಡ್ಡಕ್ಷರಗಳಲ್ಲಿ ಬರೆಯತೊಡಗಿದ. ಮಕ್ಕಳು ಅಪ್ಪ ಬಿಟ್ಟ ಅಕ್ಷರವನ್ನು ಮತ್ತೆ ಸೇರಿಸಿಕೊಂಡರು. ಕಿರಿಯ ಪೀಟರ್ ಸಾಲದೆಂಬಂತೆ 1616ರ ಸುಮಾರಿಗೆ ‘ಯು’ ಮತ್ತು ‘ಇ’ಗಳ ಜಾಗವನ್ನೂ ಅದಲುಬದಲು ಮಾಡಿದ. ವಿದ್ವಾಂಸರಿಗೆ ಇದು ವರವಾಯಿತು. ಸಹಿಯ ಕಾಗುಣಿತ ನೋಡಿಯೇ ಚಿತ್ರ 1616ಕ್ಕಿಂತ ಹಿಂದಿನದೋ ಮುಂದಿನದೋ ಎಂದು ಅಂದಾಜು ಮಾಡುತ್ತಾರೆ. ಕನ್ನಡದಲ್ಲಿ ಬರೆಯುವ ನನಗೆ ಈ ತಲೆನೋವಿಲ್ಲ, ಅಪ್ಪ, ಇಬ್ಬರು ಮಕ್ಕಳು, ಮೂವರೂ ಬ್ರೂಗೆಲ್ಲರೇ. ಅಡ್ಡಹೆಸರಿನ ಬದಲು ಇನಿಷಿಯಲ್ ಹಚ್ಚಿಕೊಂಡು ಓಡಾಡುವ ಹಳೇ ಮೈಸೂರಿನವರಿಗೆ ಒಂದು ‘ಎಚ್’ನ ಮೇಲಿನ ಈ ಮೋಹ ವಿಚಿತ್ರವೆನಿಸಬಹುದು. ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1569ರಲ್ಲಿ ಹಿರಿಯ ಪೀಟರ್ ಬ್ರಸೆಲ್ಸಿನಲ್ಲಿ ತೀರಿಕೊಂಡಾಗ ದೊಡ್ಡ ಮಗನಿಗೆ ಐದರ ಆಸುಪಾಸು. ಚಿಕ್ಕವ ಯಾನ್ ಇನ್ನೂ ತೊಟ್ಟಿಲ ಕೂಸು. ಅಪ್ಪ ಕುಂಚ ಹಿಡಿದು ತಿದ್ದಿಸಿದ ಮಕ್ಕಳಲ್ಲ ಇವರು. 1578ರಲ್ಲಿ ತಾಯಿಯೂ ಹೋದಳು. ಆಮೇಲೆ ಸಾಕಿದವಳು ತಾಯಿಯ ತಾಯಿ ಮೈಕೆನ್ ವೆರ್‌ಹುಲ್ಸ್ಟ್. ಆಕೆಯೂ ಚಿತ್ರಗಾರ್ತಿ, ಕಿರುಚಿತ್ರಗಳಲ್ಲಿ ಪಳಗಿದ ಕೈ. ಯಾನ್ ಜಲವರ್ಣ ಕಲಿತದ್ದು ಈ ಅಜ್ಜಿಯ ಬಳಿ ಎಂದು 1604ರಲ್ಲಿ ಕಲಾವಿದರ ಚರಿತ್ರೆ ಬರೆದ ಕಾರೆಲ್ ವಾನ್ ಮಾಂಡರ್ ಹೇಳುತ್ತಾನೆ. ಬ್ರೂಗೆಲ್ ವಂಶದ ಕಲೆ ಎಂದು ನಾವು ಕರೆಯುವುದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು ಆ ಹೆಸರೇ ಇಲ್ಲದ ಮುದುಕಿಯೊಬ್ಬಳ ಕೈಯಿಂದ. ಅಡ್ಡಹೆಸರು ಹಿಡಿದು ಚಿತ್ರ ಜೋಡಿಸುತ್ತಾ ಹೋದವರ ಲೆಕ್ಕಕ್ಕೆ ಈಕೆ ಸಿಗುವುದಿಲ್ಲ. ಯಾನನ ಮಗಳ ಮಗ ಯಾನ್ ವಾನ್ ಕೆಸೆಲ್ ಕೂಡ ಹೆಸರು ನೋಡಿದರೆ ಬೇರೆ ಮನೆಯವನೇ. ಹುಳುಹುಪ್ಪಟೆಗಳನ್ನು ಅಷ್ಟು ಚಂದ ಬರೆದ ಈ ಮೊಮ್ಮಗ ಕಂಬಳಿಹುಳು ಹಾವುಗಳನ್ನೇ ಬಳುಕಿಸಿ ತನ್ನ ಹೆಸರಿನ ಅಕ್ಷರಗಳನ್ನು ಮೂಡಿಸಿದ.

ಕಿರಿಯ ಪೀಟರನನ್ನು ‘ನಕಲುಗಾರ’ ಎಂದು ತಳ್ಳಿಹಾಕುವವರಿದ್ದಾರೆ. ಆಂಟ್ವರ್ಪಿನ ಅವನ ಕಾರ್ಯಾಗಾರದಲ್ಲಿ ಅಪ್ಪನ ಚಿತ್ರಗಳು ಸಾಲುಸಾಲಾಗಿ ತಯಾರಾಗುತ್ತಿದ್ದುದು ನಿಜ. ಹಿಮದ ನಡುವೆ ಹಕ್ಕಿ ಬೀಳಿಸುವ ಬಲೆಯಿರುವ ಚಿತ್ರವೊಂದಕ್ಕೇ ನೂರಕ್ಕೂ ಹೆಚ್ಚು ಪ್ರತಿಗಳು ಉಳಿದಿವೆ, ಎಲ್ಲವೂ ಅವನ ಕೈಯವಲ್ಲದಿದ್ದರೂ. ಆದರೆ ಮೂಲ ಚಿತ್ರಗಳು ಆಗಲೇ ಶ್ರೀಮಂತರ, ಚಕ್ರವರ್ತಿಗಳ ಕೋಣೆ ಸೇರಿದ್ದವು. ನೋಡದೆ ನಕಲು ಮಾಡುವುದು ಹೇಗೆ? ಕ್ರಿಸ್ಟಿನಾ ಕರಿ ಮತ್ತು ದೊಮಿನಿಕ್ ಅಲ್ಲಾರ್ 2012ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಅಧ್ಯಯನ ಈ ಗುಟ್ಟನ್ನು ಬಿಡಿಸಿತು. ಅಪ್ಪ ಬಿಟ್ಟುಹೋಗಿದ್ದ ಕರಡು ರೇಖಾಚಿತ್ರಗಳು ಮಗನಿಗೆ ಒದಗಿದ್ದವು. ಕಾಗದದ ರೇಖೆಯುದ್ದಕ್ಕೂ ಸೂಜಿಯಿಂದ ತೂತು ಹಾಕಿ, ಹಲಗೆಯ ಮೇಲಿಟ್ಟು ಇದ್ದಿಲಪುಡಿ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಆಕಾರ ಇಳಿಯುತ್ತದೆ. ಸೀರೆಗೆ ಎಂಬ್ರಾಯ್ಡರಿ ಹಾಕುವ ಅಂಗಡಿಯಲ್ಲಿ ಟ್ರೇಸಿಂಗ್ ಕಾಗದದ ಮೇಲೆ ಬಣ್ಣ ಉಜ್ಜುವುದನ್ನು ಕಂಡವರಿಗೆ ಇದು ಹೊಸದಲ್ಲ. ಗೆರೆ ಅಪ್ಪನದೇ ಇದ್ದರೂ ಕೆಲವೆಡೆ ಅಂಗಿಯ ಬಣ್ಣ ಬೇರೆ. ಕರಡಿನಲ್ಲಿ ಬಣ್ಣ ಇರುವುದಿಲ್ಲವಲ್ಲ! ನನ್ನ ಮಟ್ಟಿಗೆ ಇದು ಬರೀ ನಕಲಲ್ಲ, ಮನೆಯ ಪೆಟ್ಟಿಗೆಯಲ್ಲಿದ್ದುದನ್ನು ಊರಿಗೆಲ್ಲ ಹಂಚಿದ ಕೆಲಸ.

ತಮ್ಮ ಯಾನನ ದಾರಿ ಬೇರೆ. ಹೂವು, ನುಣುಪು, ರಾಜಾಶ್ರಯ. ‘ಮಖಮಲ್ ಬ್ರೂಗೆಲ್’ ಎಂಬ ಅಡ್ಡಹೆಸರೇ ಅವನಿಗೆ ಬಿತ್ತು. ಗೆಳೆಯ ರೂಬೆನ್ಸ್ ಆಕೃತಿಗಳನ್ನು ಬರೆದರೆ ಉಳಿದದ್ದನ್ನೆಲ್ಲ ಇವನು ತುಂಬುತ್ತಿದ್ದ; ಪಂಚೇಂದ್ರಿಯಗಳನ್ನು ಕುರಿತ ಅಂಥ ಐದು ಚಿತ್ರಗಳು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿವೆ. 1625ರ ಜನವರಿಯಲ್ಲಿ ಸಾಂಕ್ರಾಮಿಕ ರೋಗ ಅವನನ್ನೂ ಅವನ ಮೂವರು ಮಕ್ಕಳನ್ನೂ ಒಯ್ದಿತು. ಆಗ ಇಟಲಿಯಲ್ಲಿದ್ದ ಹಿರಿಮಗ, ಅವನ ಹೆಸರೂ ಯಾನ್, ಊರಿಗೆ ಮರಳಿ ಕಾರ್ಯಾಗಾರ ವಹಿಸಿಕೊಂಡ.

ತೀರಿಕೊಂಡ ಹಿರಿಯ ಯಾನನ ಬಳಿ ಅಪ್ಪನ ಕೈಯ ಒಂದು ಸಣ್ಣ ಚಿತ್ರವಿತ್ತು. ವ್ಯಭಿಚಾರದ ಆರೋಪ ಹೊತ್ತ ಹೆಂಗಸಿನ ಮುಂದೆ ಏಸು ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಿರುವ ದೃಶ್ಯ, ಪೂರಾ ಬೂದುಬಣ್ಣ. ಅದನ್ನು ತನ್ನ ಆಶ್ರಯದಾತ, ಮಿಲಾನಿನ ಕಾರ್ಡಿನಲ್ ಫೆಡೆರಿಕೊ ಬೊರೊಮಿಯೊಗೆ ಉಯಿಲು ಬರೆದಿಟ್ಟಿದ್ದ. ಕಾರ್ಡಿನಲ್ ಒಂದು ನಕಲು ಮಾಡಿಸಿ ತಾನಿಟ್ಟುಕೊಂಡು, ಮೂಲವನ್ನು ಮಗನಿಗೇ ಹಿಂದಿರುಗಿಸಿದ. 24 ಸೆಂಟಿಮೀಟರ್ ಎತ್ತರ, 34 ಸೆಂಟಿಮೀಟರ್ ಅಗಲದ ಆ ಹಲಗೆ ಈಗ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿದೆ. ಅದರ ಮೇಲೆ ಹಿರಿಯ ಪೀಟರನ ಸಹಿ ಇದೆ, ಪಕ್ಕದಲ್ಲಿ 1565 ಎಂಬ ಇಸವಿ. ‘ಎಚ್’ ಇಲ್ಲ.