ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆ!

ಬಜ್ಪೆಯಿಂದ ಬೆಳಗ್ಗೆ 8ಕ್ಕೆ ಹೊರಟ ಮಗ 10 ಗಂಟೆ ದಾಟುವಷ್ಟರಲ್ಲಿ ದುಬೈಯಲ್ಲಿ ಇಳಿದಿರುತ್ತಾನೆ. ಅದೇ ಮಗ ರಜೆಗೆ ಬರುವಾಗ ಟಿಕೆಟ್ ನೋಡಿದರೆ ಹೊರಡುವುದಕ್ಕೂ ಇಳಿಯುವುದಕ್ಕೂ ಹತ್ತಿರ ಹತ್ತಿರ ಐದು ಗಂಟೆ ವ್ಯತ್ಯಾಸ. "ದಾರಿ ಒಂದೇ ಅಲ್ವಾ, ಇದು ಹೇಗೆ?" ಎಂದು ಉಮ್ಮ ಕೇಳಿದರೆ ಆಶ್ಚರ್ಯವಿಲ್ಲ.

ದಾರಿ ಒಂದೇ. ಮಂಗಳೂರು ಮತ್ತು ದುಬೈ ವಿಮಾನ ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 2,450 ಕಿಲೋಮೀಟರ್. ಹಾರಾಟಕ್ಕೆ ಮೂರೂವರೆ ಗಂಟೆಯ ಆಸುಪಾಸು ಬೇಕು. ಟಿಕೆಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ಇಳಿಯುವ ಸಮಯ ಇಳಿಯುವ ಊರಿನದ್ದು. ಯುಎಇ ಮತ್ತು ಒಮಾನ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತರ್, ಕುವೈತ್, ಬಹ್ರೈನ್‌ನದ್ದು ಎರಡೂವರೆ ಗಂಟೆ ಹಿಂದೆ. ಹೋಗುವಾಗ ಸಿಕ್ಕಿದ ಗಂಟೆಯನ್ನು ಬರುವಾಗ ವಾಪಸ್ ಕೊಡಬೇಕು, ಅಷ್ಟೆ.

ಗಾಳಿಯದ್ದೂ ಒಂದು ಪಾಲಿದೆ. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಊರಿಗೆ ಬರುವ ವಿಮಾನಕ್ಕೆ ಹಿಂದಿನಿಂದ ತಳ್ಳಿದ ಹಾಗಾಗುತ್ತದೆ. ಹೋಗುವ ವಿಮಾನ ಅದೇ ಗಾಳಿಗೆ ಎದುರಾಗಿ ಸಾಗಬೇಕು.

ಈ ಲೆಕ್ಕ ತಪ್ಪಿದರೆ ಕಷ್ಟವಾಗುವುದು ಸಾವಿನ ಮನೆಯಲ್ಲಿ. "ಮಗ ಹೊರಟಿದ್ದಾನೆ, ಮೂರೂವರೆ ಗಂಟೆಯ ದಾರಿ" ಎಂದು ಯಾರೋ ಹೇಳುತ್ತಾರೆ. ಅದನ್ನು ನಂಬಿ ಮಯ್ಯತ್ ನಮಾಝಿನ ಸಮಯ ಎಲ್ಲರಿಗೂ ತಿಳಿಸಿಯಾಗುತ್ತದೆ. ಆದರೆ ಹಾರಾಟಕ್ಕೆ ಸುಮಾರು ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಶನ್, ಲಗೇಜು. ಆಮೇಲೆ ಬಜ್ಪೆಯಿಂದ ಉಪ್ಪಿನಂಗಡಿ ಕಡೆಗೋ ಬೆಳ್ತಂಗಡಿ ಕಡೆಗೋ ರಸ್ತೆ ಪ್ರಯಾಣ. ಎಲ್ಲ ಕೂಡಿಸಿದರೆ ಮನೆಯಿಂದ ಮನೆಗೆ ಒಂಬತ್ತು ಹತ್ತು ಗಂಟೆ. ಅದೂ ಸೀಟು ಕೂಡಲೇ ಸಿಕ್ಕಿದರೆ. ನೇರ ವಿಮಾನ ಇಲ್ಲದಿದ್ದರೆ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತು ಬೇರೆ. ಸೌದಿಯಲ್ಲಿ ಕೆಲಸ ಮಾಡುವವರಿಗೆ ಹೊರಡುವ ಮೊದಲು ಎಕ್ಸಿಟ್ ರೀ-ಎಂಟ್ರಿ ಪರವಾನಗಿಯೂ ಆಗಬೇಕು.

ಹಾಗಾಗಿ ಫೋನಿನಲ್ಲಿ "ಎಷ್ಟು ಗಂಟೆಯ ದಾರಿ?" ಎಂದು ಕೇಳಬೇಡಿ. "ನಮ್ಮ ಗಡಿಯಾರದಲ್ಲಿ ಎಷ್ಟಕ್ಕೆ ಬಜ್ಪೆಯಲ್ಲಿ ಇಳಿಯುತ್ತೀ?" ಎಂದು ಕೇಳಿ. ಅದರ ಮೇಲೆ ನಿಲ್ದಾಣದೊಳಗೆ ಒಂದು ಗಂಟೆ, ಜೊತೆಗೆ ರಸ್ತೆಯ ಹೊತ್ತು ಸೇರಿಸಿ. ಮಧ್ಯರಾತ್ರಿ ದಾಟಿದ ವಿಮಾನವಾದರೆ ತಾರೀಕನ್ನೂ ನೋಡಿಕೊಳ್ಳಿ: 15ರ 00.30 ಅಂದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು.

ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ಬಸ್ಸಿನಲ್ಲಿ ಮುಂಬೈ ತಲುಪಿ, ಅಲ್ಲಿಂದ ವಿಮಾನ ಹತ್ತಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ತಂದೆ ತಾಯಿಯ ಮುಖ ಕೊನೆಗೊಮ್ಮೆ ನೋಡಲು ಆಗದೇ ಹೋದವರೂ ಅವರಲ್ಲಿದ್ದಾರೆ. ಇಂದು ದಾರಿ ಅಷ್ಟು ದೂರವಿಲ್ಲ. ಲೆಕ್ಕ ಸರಿಯಾಗಿ ಹಾಕಿದರೆ ಕಾಯುವವರಿಗೂ ಬರುವವರಿಗೂ ಸಮಾಧಾನ.